ಮ್ಯಾನ್‌ಹ್ಯಾಟನ್ನಿನ ಸ್ಯಾಂಪಲ್ ಸೇಲ್‌ಗೆ ಹೋಗುವ ಮುನ್ನ

ಸ್ಯಾಂಪಲ್ ಸೇಲ್ ಅಂದರೆ ಫ್ಯಾಷನ್ ಬ್ರ್ಯಾಂಡ್‌ಗಳು ಮಾದರಿ ಉಡುಪು, ಉಳಿಕೆ ಮಾಲನ್ನು ಕೆಲವೇ ದಿನ ಅಗ್ಗದಲ್ಲಿ ಮಾರುವುದು. ಅದಿದ್ದ ದಿನ ನಾನು ಲೆಗ್ಗಿಂಗ್ಸ್, ಮೈಗಂಟುವ ತೆಳು ಟಾಪ್ ಹಾಕಿಕೊಂಡೇ ಮನೆ ಬಿಡುತ್ತೇನೆ. ಇಂಥ ಎಷ್ಟೋ ಕಡೆ ಟ್ರಯಲ್ ರೂಮ್ ಇರುವುದಿಲ್ಲ, ಗೋಡೆಗೊರಗಿಸಿದ ಕನ್ನಡಿಯೆದುರು ಎಲ್ಲರ ನಡುವೆಯೇ ತೊಟ್ಟು ನೋಡಬೇಕು. ದೊಡ್ಡ ಚೀಲ ಬೇಡ, ಸಾಮಾನ್ಯವಾಗಿ ಬಾಗಿಲಲ್ಲೇ ಇಡಿಸಿಕೊಳ್ಳುತ್ತಾರೆ.

ಅಸಲಿ ಸ್ಯಾಂಪಲ್ ಅಂದರೆ ಶೋರೂಮಿಗೋ ಫೋಟೋಗೋ ಹೊಲಿಸಿದ ಪ್ರತಿ. ರೂಪದರ್ಶಿಯ ಅಳತೆ, ಹಾಗಾಗಿ ಸಣ್ಣದು. ಆದರೆ ಈಗ ರ್‍ಯಾಕ್‌ಗಳಲ್ಲಿ ಹೆಚ್ಚಾಗಿ ತೂಗುವುದು ಕಳೆದ ಸೀಸನ್ನಿನ ಉಳಿಕೆ. ನಮ್ಮಂಥವರ ಅಳತೆಯೂ ಸಿಗುತ್ತದೆ, ಹಿಂಜರಿಯಬೇಡಿ.

ಹೊಡೆದುಹಾಕಿದ ಹಳೇ ಬೆಲೆಯತ್ತ ಕಣ್ಣು ಹೋಗದಿರಲಿ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಒಯ್ಯಿರಿ. ಒಳಗಿನ ಲೇಬಲ್ಲಿನಲ್ಲಿ ಉಣ್ಣೆ ಎಷ್ಟು, ಪಾಲಿಯೆಸ್ಟರ್ ಎಷ್ಟು ಓದಿ. ಜಿಪ್ ಪೂರ್ತಿ ಎಳೆದು ನೋಡಿ. ಕಾಲರಿನಲ್ಲಿ ಮೇಕಪ್ ಕಲೆ, ಕಂಕುಳಲ್ಲಿ ಬಿಟ್ಟ ಹೊಲಿಗೆ, ಹರಿದ ಲೈನಿಂಗ್ ಹುಡುಕಿ. ಗುಂಡಿ ಹೋಗಿದ್ದರೆ ಚಿಂತೆಯಿಲ್ಲ, ಉದ್ದ ಹೆಚ್ಚಿದ್ದರೂ ಮಡಚಿಸಬಹುದು. ಹೆಗಲು ಕೂರದ ಕೋಟನ್ನು ಮಾತ್ರ, ಎಷ್ಟೇ ಚೆಂದವಿರಲಿ, ಅಲ್ಲೇ ಬಿಡಿ. ಹೆಗಲು ಬಿಚ್ಚಿ ಹೊಲಿಯುವ ಖರ್ಚಿನಲ್ಲಿ ಉಳಿಸಿದ್ದೆಲ್ಲ ಕರಗುತ್ತದೆ. ಒಮ್ಮೆ ಕೊಂಡರೆ ಸಾಮಾನ್ಯವಾಗಿ ವಾಪಸ್ ಇಲ್ಲ, ಬದಲಾವಣೆಯೂ ಇಲ್ಲ.

ಕೋಟು, ಬೂಟು ಬೇಕಿದ್ದರೆ ಮೊದಲ ದಿನವೇ ಹೋಗಿ. ಬರೀ ಟೀಶರ್ಟು, ಸ್ಕಾರ್ಫು ಸಾಕೆಂದರೆ ಕೊನೆಯ ದಿನ, ಬೆಲೆ ಇನ್ನೂ ಇಳಿದಿರುತ್ತದೆ.

ತೆರಿಗೆಯ ಲೆಕ್ಕವೂ ಇರಲಿ: ನ್ಯೂಯಾರ್ಕ್ ನಗರದಲ್ಲಿ 110 ಡಾಲರಿಗಿಂತ ಕಡಿಮೆ ಬೆಲೆಯ ಉಡುಪು, ಪಾದರಕ್ಷೆಗೆ ಮಾರಾಟ ತೆರಿಗೆ ಇಲ್ಲ. ಮಿತಿ ಒಂದೊಂದು ವಸ್ತುವಿಗೆ, ಇಡೀ ಬಿಲ್ಲಿಗಲ್ಲ. ಕೈಚೀಲ, ಆಭರಣಕ್ಕೆ ಈ ವಿನಾಯಿತಿ ಸಿಗದು, 8.875% ಸೇರಿಸಿಕೊಳ್ಳಿ.