ಹವಳದ ಕಪ್ಪು ಪಟ್ಟಿ ರೋಗ: ಗುರುತಿಸುವುದು, ಮಾದರಿ ತೆಗೆಯುವುದು, ತಡೆಯುವುದು

ಹವಳದ ಮೇಲೆ ಕಪ್ಪು ಪಟ್ಟಿ ಕಂಡರೆ ಮೊದಲು ಅದರತ್ತ ಕೈಯಿಂದ ನೀರು ಬೀಸಿ. ರೋಗದ ಪಟ್ಟಿಯಾದರೆ ಎಳೆಎಳೆಯಾಗಿ ಏಳುತ್ತದೆ. ಒಂದು ಬದಿ ಜೀವಂತ ಹವಳ, ಇನ್ನೊಂದು ಬದಿ ಬೋಳು ಬಿಳಿ ಸುಣ್ಣದ ಗೂಡು. ನಕ್ಷತ್ರಮೀನು ತಿಂದ ಗಾಯವೂ ಬಿಳಿಯೇ, ಆದರೆ ನಡುವೆ ಪದರ ಇರುವುದಿಲ್ಲ. ನಸುಕಿನಲ್ಲಿ ಮಾತ್ರ ನೋಡಿ ತೀರ್ಮಾನಿಸಬೇಡಿ: ರಾತ್ರಿ ಗಂಧಕ ತಿನ್ನುವ ಬ್ಯಾಕ್ಟೀರಿಯಾ ಮೇಲಕ್ಕೆ ಬಂದು ಪಟ್ಟಿ ಬೆಳ್ಳಗಾಗಿರುತ್ತದೆ, ಬೆಳಕು ಬಿದ್ದ ಮೇಲೆ ಕಪ್ಪಗಾಗುತ್ತದೆ.

ಪಟ್ಟಿಯ ಈ ಪದರದ ದಪ್ಪ ಸುಮಾರು 1 ಮಿ.ಮೀ. ಅಷ್ಟರಲ್ಲೇ ಮೇಲೆ ಸಯನೋಬ್ಯಾಕ್ಟೀರಿಯಾ (ಬಿಸಿಲಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾ), ಕೆಳಗೆ ಆಮ್ಲಜನಕವಿಲ್ಲದ ಜಾಗದಲ್ಲಿ ಸಲ್ಫೈಡ್ (ಗಂಧಕದ ವಿಷಕಾರಿ ಸಂಯುಕ್ತ) ಉಗುಳುವ ಬ್ಯಾಕ್ಟೀರಿಯಾ. ಸಯನೋಬ್ಯಾಕ್ಟೀರಿಯಾದ ಮೈಕ್ರೊಸಿಸ್ಟಿನ್ ಎಂಬ ವಿಷ ಕೆಲವು ಮಾದರಿಗಳಲ್ಲಿ ಸಿಕ್ಕಿದೆ, ಗ್ರೇಟ್ ಬ್ಯಾರಿಯರ್ ರೀಫಿನ ಪೆಲೊರಸ್ ದ್ವೀಪದ ಮಾದರಿಗಳಲ್ಲಿ ಸಿಕ್ಕಿಲ್ಲ. ಹಾಗಾಗಿ ಹವಳವನ್ನು ಕೊಲ್ಲುವುದು ಯಾವುದು ಎಂಬ ಮೊದಲ ಅನುಮಾನ ಸಲ್ಫೈಡ್ ಮೇಲಿರಲಿ.

ಪಟ್ಟಿಯ ಅಂಚಿನಲ್ಲಿ ಬೋಳು ಭಾಗಕ್ಕೆ ಮೊಳೆ ಹೊಡೆದು, ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. 3 ದಿನ ಬಿಟ್ಟು ಅಳೆಯಿರಿ. ದಿನಕ್ಕೆ 3 ಮಿ.ಮೀ.ನಿಂದ 1 ಸೆಂ.ಮೀ. ಸರಿಯುವುದು ಸಾಮಾನ್ಯ. ಭಾರತದಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ನೇತ್ರಾಣಿಯಾಗಲಿ ಮನ್ನಾರ್ ಕೊಲ್ಲಿಯಾಗಲಿ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮೊಳೆಯನ್ನೂ ಹೊಡೆಯುವಂತಿಲ್ಲ.

ಮಾದರಿಗೆ ಸೂಜಿಯಿಲ್ಲದ ಸಿರಿಂಜು ಸಾಕು. ಕೈಗವಸು ಹಾಕಿಕೊಳ್ಳಿ, ಮೈಕ್ರೊಸಿಸ್ಟಿನ್ ಯಕೃತ್ತಿನ ವಿಷ. ಆ ವಿಷದ ಪರೀಕ್ಷೆಗಾದರೆ ಗಾಜಿನ ಸೀಸೆಗೆ ಹಾಕಿ ಫ್ರೀಜ್ ಮಾಡಿ, ಪ್ಲಾಸ್ಟಿಕ್‌ಗೆ ಅದು ಅಂಟಿಕೊಂಡು ಲೆಕ್ಕ ಕಡಿಮೆ ಬರುತ್ತದೆ. ಸಲ್ಫೈಡ್‌ಗಾದರೆ ಕೂಡಲೇ ಸತುವಿನ ಅಸಿಟೇಟ್ ಬೆರೆಸಿ. ತಡಮಾಡಿದರೆ ಗಾಳಿ ತಗುಲಿ ಮಾಯ.

ತಡೆಯಲು ಇಡೀ ಪದರವನ್ನು ಸಿರಿಂಜಿನಿಂದ ಹೀರಿ. ಉಜ್ಜಬೇಡಿ, ಕಿತ್ತ ಎಳೆ ಪಕ್ಕದ ಗಾಯಕ್ಕೆ ಹೋಗಿ ಕೂರಬಹುದು. ಆಮೇಲೆ ನೀರೊಳಗೂ ಗಟ್ಟಿಯಾಗುವ, ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿಯನ್ನು (ಅಂಟುಹಿಟ್ಟು) ಬಣ್ಣ ಒಂದೇ ಆಗುವವರೆಗೆ ನಾದಿ, ಬೋಳು ಗೂಡಿನಿಂದ ಜೀವಂತ ಅಂಚಿನ ಮೇಲೂ ಸ್ವಲ್ಪ ಬರುವಂತೆ ಒತ್ತಿ. ಹವಾಯಿಯಲ್ಲಿ ಹೀಗೇ ಮಾಡಿದ್ದಾರೆ. ಕೆಲಸ ಕೆಡುವುದು ಪುಟ್ಟಿಯ ಅಂಚಿನ ಸಂದಿಯಲ್ಲಿ: ಅಲ್ಲಿ ಒಂದು ಎಳೆ ಉಳಿದರೂ ಪಟ್ಟಿ ಮತ್ತೆ ಕಟ್ಟಿಕೊಳ್ಳುತ್ತದೆ. ವಾರದೊಳಗೆ ಮತ್ತೆ ಇಳಿದು ನೋಡಿ, ಬೇಸಿಗೆಯಲ್ಲಂತೂ ತಪ್ಪಿಸಬೇಡಿ. ಬೆಚ್ಚನೆ ನೀರಲ್ಲಿ ಇದು ಬೇಗ ಹಬ್ಬುತ್ತದೆ.

ರೋಗದ ಹವಳವನ್ನು ದಿನದ ಕೊನೆಯ ಡೈವ್‌ಗೆ ಇಟ್ಟುಕೊಳ್ಳಿ. ಸಲಕರಣೆಯನ್ನು 1 ಪಾಲು ಬ್ಲೀಚಿಗೆ 9 ಪಾಲು ನೀರಿನಲ್ಲಿ 10 ನಿಮಿಷ ನೆನೆಸಿ, ಸಿಹಿನೀರಲ್ಲಿ ತೊಳೆಯಿರಿ. ಉಸಿರಾಡುವ ರೆಗ್ಯುಲೇಟರ್ ಮಾತ್ರ ಬ್ಲೀಚಿಗೆ ಬೇಡ.