ಅಡಿಕೆ ತೋಟದವರಿಗೆ 4, ಬೀಡಿ ಕಟ್ಟುವವರಿಗೆ 3

2011ರ ಜನಗಣತಿಯಲ್ಲಿ ಎಣಿಕೆಗೆ ನನಗೆ ಸಿಕ್ಕಿದ್ದು ಬಂಟ್ವಾಳ ತಾಲೂಕಿನ ಒಳಭಾಗದ ಒಂದು ಬ್ಲಾಕು, ಅಂದರೆ ಒಬ್ಬ ಗಣತಿದಾರರ ಪಾಲಿನ ಮನೆಗಳ ಗುಂಪು. ಮನೆಗಳು ನೂರ ಮೂವತ್ತರ ಆಸುಪಾಸು. ಹೇಳಲಿಕ್ಕೆ ನೂರ ಮೂವತ್ತು, ಆದರೆ ನಮ್ಮ ಕಡೆ ಮನೆಗಳು ಸಾಲಾಗಿ ಇರುವುದಿಲ್ಲವಲ್ಲ. ಒಂದು ಗುಡ್ಡದ ತಲೆಯಲ್ಲಿದ್ದರೆ ಇನ್ನೊಂದು ತೋಟದ ಬುಡದಲ್ಲಿ. ಫೆಬ್ರವರಿ 9ರಿಂದ 28ರವರೆಗೆ ಎಣಿಕೆ, ಮಾರ್ಚ್ 1ರಿಂದ 5ರವರೆಗೆ ಇನ್ನೊಂದು ಸುತ್ತು ಹೋಗಿ ಹುಟ್ಟು ಸಾವು ಸರಿಪಡಿಸುವುದು. ಈಗ 2027ರ ಗಣತಿ ಬಂದಿದೆ, ಈ ಸಲ ಮೊಬೈಲಿನಲ್ಲಿ ತುಂಬುವುದು. ಶಾಲೆಯ ಹೊಸ ಟೀಚರುಗಳು "ಯಾವ ಪ್ರಶ್ನೆ ಕಷ್ಟ ಅಕ್ಕ?" ಎಂದು ಕೇಳುತ್ತಾರೆ. ಜಾತಿಯೋ ವಯಸ್ಸೋ ಇರಬೇಕು ಎಂದು ಅವರ ಲೆಕ್ಕ. ನನ್ನ ಜೀವ ತಿಂದದ್ದು ಕೆಲಸದ ಪ್ರಶ್ನೆ.

ಅದು ಹೀಗಿತ್ತು: ಕಳೆದ ಒಂದು ವರ್ಷದಲ್ಲಿ ಯಾವಾಗಲಾದರೂ ಕೆಲಸ ಮಾಡಿದ್ದಾರಾ? ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಮಾಡಿದವರು ಮುಖ್ಯ ಕೆಲಸಗಾರರು, ಅವರಿಗೆ 1. ಮೂರು ತಿಂಗಳು ದಾಟಿ ಆರರ ಒಳಗಿದ್ದರೆ 2, ಮೂರಕ್ಕೂ ಕಡಿಮೆಯಾದರೆ 3, ಇವರೆಲ್ಲ ಅಲ್ಪಾವಧಿಯವರು. ಮಾಡಲೇ ಇಲ್ಲದವರಿಗೆ 4. ಕೆಲಸ ಮಾಡಿದವರು ಅದರ ಮುಂದಿನ ಪ್ರಶ್ನೆಯಲ್ಲಿ ನಾಲ್ಕು ಪಾಲಾಗುತ್ತಾರೆ, ಇಲ್ಲೂ 1ರಿಂದ 4: ಸಾಗುವಳಿದಾರ, ಕೃಷಿ ಕಾರ್ಮಿಕ, ಗೃಹ ಕೈಗಾರಿಕೆ, ಇತರೆ. ತರಬೇತಿಯಲ್ಲಿ ಕೇಳಿದಾಗ ಇಷ್ಟೇಯಾ ಅನಿಸಿತ್ತು.

ಎರಡನೇ ದಿನವೋ ಮೂರನೇ ದಿನವೋ, ಒಂದು ಮನೆಯ ಚಿಟ್ಟೆಯಲ್ಲಿ (ಜಗಲಿಯಲ್ಲಿ) ಕುಳಿತು ಬರೆಯುತ್ತಿದ್ದೆ. ಗಂಡ ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುವವರು. ಹೆಂಡತಿಯ ಸಾಲಿಗೆ ಬಂದೆ. "ನೀವು ಎಂತ ಕೆಲಸ ಮಾಡುವುದು?" "ಕೆಲಸ ಎಂತದ್ದೂ ಇಲ್ಲ ಟೀಚರೇ, ಮನೆಯಲ್ಲೇ ಇರುವುದು." ನಾನು 4 ಬರೆಯಲಿಕ್ಕೆ ಪೆನ್ನು ಇಟ್ಟವಳು ಸುಮ್ಮನೆ ತಲೆ ಎತ್ತಿದೆ. ಅವರ ಮಡಿಲಲ್ಲಿ ತಡ್ಪೆ (ಮೊರ) ಇತ್ತು. ಕತ್ತರಿಸಿದ ಎಲೆ ಒಂದು ಬದಿ, ಹೊಗೆಸೊಪ್ಪಿನ ಪುಡಿ ಇನ್ನೊಂದು ಬದಿ. ಹೆಸರು, ವಯಸ್ಸು, ಓದು ಎಂಬ ನನ್ನ ಪ್ರಶ್ನೆಗಳು ಮುಗಿಯುವುದರೊಳಗೆ ಏಳೆಂಟು ಬೀಡಿ ಸುತ್ತಿ ನೂಲು ಬಿಗಿದು ಆಗಿತ್ತು, ಕೈ ನೋಡದೆಯೇ.

"ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡುವುದು ಎಷ್ಟು ದಿನಕ್ಕೊಮ್ಮೆ?"

"ದಿನಾ."

"ಮಳೆಗಾಲದಲ್ಲಿ?"

"ಮಳೆಗಾಲದಲ್ಲೇ ಅಲ್ವಾ ಜಾಸ್ತಿ ಆಗುವುದು. ಹೊರಗೆ ಬೇರೆ ಎಂತ ಕೆಲಸ ಉಂಟು?"

ಆ ಸಾಲಿಗೆ ಬಿದ್ದದ್ದು 1, ಆಮೇಲೆ 3. ಮುಖ್ಯ ಕೆಲಸಗಾರ್ತಿ, ಗೃಹ ಕೈಗಾರಿಕೆ. ಅಲ್ಲಿಂದ ಮುಂದೆ ನಾನು ‘ಕೆಲಸ’ ಎಂಬ ಶಬ್ದವನ್ನೇ ಬಿಟ್ಟೆ. ನಮ್ಮ ಹೆಂಗಸರಿಗೆ ಕೆಲಸ ಎಂದರೆ ಬಸ್ಸು ಹತ್ತಿ ಹೋಗುವುದು. ಅದರ ಬದಲು ‘ಬೀಡಿ ಉಂಟಾ’, ‘ಹಟ್ಟಿಯಲ್ಲಿ ಎಷ್ಟು ದನ’, ‘ನೇಜಿ ನೆಡಲಿಕ್ಕೆ ಹೋಗಿದ್ದಿರಾ, ಏಣೆಲಿಗೆ ಮಾತ್ರವಾ ಸುಗ್ಗಿಗೂ ಉಂಟಾ’ (ಏಣೆಲು, ಸುಗ್ಗಿ ಎಂದರೆ ಭತ್ತದ ಮೊದಲ, ಎರಡನೇ ಬೆಳೆ) ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತಿತ್ತು. ತಿಂಗಳ ಲೆಕ್ಕ ಯಾರೂ ಇಟ್ಟಿರುವುದಿಲ್ಲ. ಆಟಿ, ಸೋಣ ಎಂಬ ತುಳು ತಿಂಗಳು, ಊರಿನ ಜಾತ್ರೆ ಎಂದು ಹಿಡಿದು ನಾವೇ ಕೂಡಿಸಬೇಕು.

ಗೃಹ ಕೈಗಾರಿಕೆಗೂ ಅದರದ್ದೇ ಕಟ್ಟಳೆಗಳಿದ್ದವು. ಹಳ್ಳಿಯಲ್ಲಾದರೆ ಮನೆಯಲ್ಲಿ ಇಲ್ಲವೇ ಊರೊಳಗೆ ಎಲ್ಲಿಯಾದರೂ ಆದೀತು, ಪೇಟೆಯಲ್ಲಾದರೆ ವಾಸದ ಮನೆಯ ಒಳಗೇ ಆಗಬೇಕು. ಏನಾದರೂ ತಯಾರಿಸಬೇಕು, ಬರೀ ಮಾರಿದರೆ ಸಾಲದು. ಕ್ಷೌರದವರು, ಬಟ್ಟೆ ಒಗೆಯುವವರು, ಜ್ಯೋತಿಷಿಗಳು ಮನೆಯಲ್ಲೇ ಕುಳಿತು ಮಾಡಿದರೂ ಇದಕ್ಕೆ ಸೇರುವುದಿಲ್ಲ, ಅವರು ಇತರೆ.

ಈ ‘ಇತರೆ’ಯಿಂದಲೇ ನಾನು ಬೈಸಿಕೊಂಡದ್ದು. ಮೊದಲ ದಿನ ಹೋದ ಮನೆಗಳೆಲ್ಲ ಅಡಿಕೆಯವರದ್ದು. ಅಂಗಳ ತುಂಬ ಅಡಿಕೆ ಒಣಗಲು ಹಾಕಿತ್ತು, ಕಾಲಿಡಲಿಕ್ಕೆ ಜಾಗ ಇಲ್ಲ. ‘ಕೃಷಿ’ ಎಂದರು, ನಾನು ಧೈರ್ಯವಾಗಿ ಸಾಗುವಳಿದಾರ, 1 ಎಂದು ಬರೆಯುತ್ತಾ ಹೋದೆ. ಸಂಜೆ ಸೂಪರ್‌ವೈಸರು ಫಾರಂ ತಿರುವಿ ಹಾಕಿ, "ಏನಮ್ಮ, ಕೈಪಿಡಿ ಓದಿದ್ದೀರಾ?" ಎಂದರು. ಗಣತಿಯ ಲೆಕ್ಕದಲ್ಲಿ ಚಹಾ, ಕಾಫಿ, ರಬ್ಬರ್, ತೆಂಗು, ಅಡಿಕೆ ಈ ಐದೂ ಪ್ಲಾಂಟೇಶನ್ ಬೆಳೆ. ಅವನ್ನು ಬೆಳೆಯುವವರು ಸಾಗುವಳಿದಾರರಲ್ಲ. ಭತ್ತ, ರಾಗಿ, ಕಬ್ಬು, ತರಕಾರಿ, ಹಣ್ಣಿನ ತೋಟ ಎಲ್ಲಕ್ಕೂ ಸಾಗುವಳಿ ಎಂದು ಹೆಸರುಂಟು, ಅಡಿಕೆಗೆ ಇಲ್ಲ. ಸ್ಕ್ಯಾನ್ ಆಗುವ ಫಾರಂ ಬೇರೆ, ಅಂಕಿಯ ಮೇಲೆ ಅಂಕಿ ತೀಡುವ ಹಾಗಿಲ್ಲ. ಹೊಸ ಫಾರಂ ತೆಗೆದುಕೊಂಡು ರಾತ್ರಿ ಹನ್ನೊಂದರವರೆಗೆ ಬರೆದೆ.

ಮರುದಿನ ಒಬ್ಬರು ಯಜಮಾನರು ನಾನು 4 ಬರೆದದ್ದನ್ನು ಕನ್ನಡಕ ಏರಿಸಿ ನೋಡಿಯೇ ಬಿಟ್ಟರು. "ಇತರೆ ಅಂದ್ರೆ? ನಾನು ಕೃಷಿಕ ಅಲ್ವಾ? ಮೂರು ತಲೆಮಾರಿನ ತೋಟ ಇದು!" ಶಿಕ್ಷಕರು, ಡ್ರೈವರುಗಳು, ದೇವಸ್ಥಾನದ ಭಟ್ಟರು, ಬ್ಯಾಂಕಿನವರು ಇರುವ ಗುಂಪಿಗೇ ನಿಮ್ಮನ್ನೂ ಸೇರಿಸಿದ್ದೇನೆ ಎಂದು ಹೇಗೆ ಹೇಳುವುದು? ಅದರ ಮುಂದಿನ ಪ್ರಶ್ನೆಯಲ್ಲಿ ಉದ್ಯೋಗದ ವಿವರ ಅಕ್ಷರದಲ್ಲಿ ಬರೆಯಲಿಕ್ಕೆ ಇತ್ತು. ಅಲ್ಲಿ ‘ಅಡಿಕೆ ತೋಟ ಮಾಡುವುದು’ ಎಂದು ಅವರೆದುರೇ ಬರೆದು ತೋರಿಸಿದೆ. ಅರ್ಧ ಸಮಾಧಾನವಾಯಿತು, ಚಹಾ ಬಂತು. ನನ್ನನ್ನು ಕೇಳಿದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಡೀ ದೇಶದಲ್ಲಿ ಆ ಸಲ ಸಾಗುವಳಿದಾರರು ಹನ್ನೊಂದು ಕೋಟಿ ಎಂಬತ್ತೆಂಟು ಲಕ್ಷ, ಕೆಲಸಗಾರರಲ್ಲಿ ಶೇ. 24.6 ಎಂದು ಆಮೇಲೆ ಪತ್ರಿಕೆಯಲ್ಲಿ ಬಂದಾಗ ನನಗೆ ನೆನಪಾದದ್ದು ಆ ಕನ್ನಡಕ.

ಕೂಲಿಯವರದ್ದು ಇನ್ನೂ ಗೊಂದಲ. ‘ಕೂಲಿ’ ಎಂದ ಕೂಡಲೇ ಕೃಷಿ ಕಾರ್ಮಿಕ, 2 ಎಂದು ಬರೆಯುವ ಹಾಗಿಲ್ಲ. ಅಡಿಕೆಗೆ ಮದ್ದು ಬಿಡುವವರು, ಕೊನೆ (ಗೊನೆ) ತೆಗೆಯುವವರು, ರಬ್ಬರ್ ಟ್ಯಾಪಿಂಗಿನವರು ಎಲ್ಲ ‘ಇತರೆ’. ಅದೇ ಜನ ಎರಡು ತಿಂಗಳು ಗದ್ದೆಗೂ ಇಳಿದಿರುತ್ತಾರೆ. ಯಾವುದರಲ್ಲಿ ಹೆಚ್ಚು ಸಮಯ ಹೋಯಿತೋ ಅದನ್ನೇ ಹಿಡಿಯಬೇಕು. ಇನ್ನು, ವಯಸ್ಸಾದ ಯಜಮಾನರು "ನಾನು ಎಂತ ಮಾಡ್ತೇನೆ ಮಗಾ, ರಾಮ ರಾಮ ಅಂತ ಕೂತಿದ್ದೇನೆ" ಎನ್ನುತ್ತಿದ್ದರು. ಆದರೆ ದಿನಾ ತೋಟಕ್ಕೆ ಸುತ್ತು ಹೋಗಿ ಇವತ್ತು ಯಾರು ಎಲ್ಲಿ ಎಂದು ಹೇಳುವುದು ಅವರೇ. ಮೇಲುಸ್ತುವಾರಿಯೂ ಕೆಲಸವೇ, ಹಾಗಾಗಿ ಅವರೂ ಕೆಲಸಗಾರರಾದರು. ಗದ್ದೆಯನ್ನು ಗೇಣಿಗೆ ಕೊಟ್ಟು ಆ ಕಡೆ ತಲೆ ಹಾಕದವರು ಮಾತ್ರ ಸಾಗುವಳಿದಾರರ ಲೆಕ್ಕಕ್ಕೆ ಬರುವುದಿಲ್ಲ.

ನನಗೆ ಇವತ್ತಿಗೂ ಜೀರ್ಣವಾಗದ್ದು ಹಾಲಿನ ಲೆಕ್ಕ. ಬರೀ ಮನೆ ಖರ್ಚಿಗೆಂದು ದನ ಸಾಕಿ ಹಾಲು ಕರೆದರೂ ಅದು ಕೆಲಸ. ಕರೆದ ಹಾಲನ್ನು ಒಳಗೆ ತಂದು ಕಾಯಿಸಿದರೆ ಅದು ಮನೆವಾರ್ತೆ, ಕೆಲಸವಲ್ಲದ ಚಟುವಟಿಕೆಯ ಪ್ರಶ್ನೆಯಲ್ಲಿ ಬರುವ ‘ಮನೆಗೆಲಸ’, ಕೋಡ್ 2. ನಮ್ಮ ಶಾಲೆಯ ಬಿಸಿಯೂಟದ ಅಕ್ಕ ನೂರು ಮಕ್ಕಳಿಗೆ ಅನ್ನ ಬೇಯಿಸುತ್ತಾರೆ, ಅದಕ್ಕಾಗಿ ಮುಖ್ಯ ಕೆಲಸಗಾರ್ತಿ. ಸಂಜೆ ಮನೆಗೆ ಹೋಗಿ ಬೇಯಿಸುವ ಅನ್ನಕ್ಕೆ ಫಾರಂನಲ್ಲಿ ಜಾಗವೇ ಇಲ್ಲ, ಏಕೆಂದರೆ ಮುಖ್ಯ ಕೆಲಸಗಾರರಿಗೆ ಆ ಪ್ರಶ್ನೆ ಕೇಳುವುದೇ ಇಲ್ಲ.

ನನ್ನ ಅಪ್ಪ ಕೂಡ ಮಾಸ್ಟ್ರು, 1971ರ ಗಣತಿ ಮಾಡಿದವರು. ಆಗ ಮೊದಲು ಕೇಳುತ್ತಿದ್ದದ್ದೇ ‘ಮುಖ್ಯ ಚಟುವಟಿಕೆ ಯಾವುದು’ ಎಂದು. ಹೆಂಗಸರು ಮನೆ ಎಂದರು, ಅಲ್ಲಿಗೆ ಮುಗಿಯಿತು. ಗದ್ದೆಯ ದುಡಿಮೆ ಹಿಂದೆ ಸರಿದು, ಅವರು ಕೆಲಸಗಾರರ ಲೆಕ್ಕದಿಂದಲೇ ಹೊರಗೆ. 1961ರಲ್ಲಿ ದೇಶದ ಹೆಂಗಸರಲ್ಲಿ ಶೇ. 28ರಷ್ಟು ಕೆಲಸಗಾರರಿದ್ದದ್ದು ಹತ್ತೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಅವರೇನೂ ಗದ್ದೆ ಬಿಟ್ಟು ಒಳಗೆ ಕುಳಿತದ್ದಲ್ಲ, ಪ್ರಶ್ನೆ ಬದಲಾದದ್ದು. ಮುಖ್ಯ, ಅಲ್ಪಾವಧಿ ಎಂಬ ಪಾಲು ಬಂದದ್ದು 1981ರಲ್ಲಿ. ಅಮ್ಮನನ್ನು ಆಗ ಏನೆಂದು ಬರೆದರು ಎಂದು ಅಪ್ಪನ ಹತ್ತಿರ ಒಮ್ಮೆ ಕೇಳಿದ್ದೆ. "ಮನೆ ಅಂತ. ಮತ್ತೆ ಎಂತ ಬರೆಯುವುದು?" ಎಂದಿದ್ದರು.

2011ರಲ್ಲಿ ನಮ್ಮ ಮನೆ ಇದ್ದ ಬ್ಲಾಕು ಬೇರೊಬ್ಬ ಮಾಸ್ಟ್ರದ್ದು. ಸಂಜೆ ನಾನು ಕಾಲು ಎಳೆದುಕೊಂಡು ಮನೆ ಸೇರುವಾಗ ಅವರು ಬಂದು ಹೋಗಿ ಆಗಿತ್ತು. ಅಮ್ಮ ಹಟ್ಟಿಯಲ್ಲಿ ಎರಡನೇ ದನದ ಕೆಚ್ಚಲು ತೊಳೆಯುತ್ತಿದ್ದರು.

"ಕೆಲಸ ಎಂತ ಅಂತ ಕೇಳಿದರಾ?"

"ಕೇಳಿದ. ಮನೆಯಲ್ಲೇ ಅಂದೆ."

"ಅಯ್ಯೋ ಅಮ್ಮ! ಎರಡು ದನ ಉಂಟಲ್ಲ, ಹೇಳಬಾರದಿತ್ತಾ?"

"ಪಾಪ, ಆ ಹುಡುಗ ಬಿಸಿಲಲ್ಲಿ ಬೆವತು ಹೋಗಿದ್ದ. ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದೆ. ಆ ಚೆಂಬು ಇಲ್ಲಿ ಕೊಡು."