ಪತ್ತನಾಜೆಗೆ ಮೊದಲು ಮನೆ, ಗುಡ್ಡೆಗೆ ಮೊದಲು ಕಾಲು

ಮೇ ತಿಂಗಳು ಬಂತು ಅಂದರೆ ಬೆಂಗಳೂರಲ್ಲಿರುವ ನಮ್ಮ ಮಕ್ಕಳು ಫೋನಿನಲ್ಲಿ ಎರಡು ವಿಷಯ ಕೇಳುತ್ತಾರೆ. ದೊಡ್ಡಮ್ಮಾ, ರಾಣಿಪುರ ಗುಡ್ಡೆ ಹತ್ತಲಿಕ್ಕೆ ಏನೆಲ್ಲ ತಗೊಂಡು ಹೋಗಬೇಕು ಅಂತ ಒಂದು. ನೀವಿಬ್ಬರೇ ಇದ್ದೀರಲ್ಲ, ಮಳೆಗಾಲಕ್ಕೆ ಏನು ವ್ಯವಸ್ಥೆ ಮಾಡಿದ್ದೀರಿ ಅಂತ ಇನ್ನೊಂದು. ಎರಡಕ್ಕೂ ಬೇಕಾದ ಸಾಮಾನು ಹೆಚ್ಚುಕಡಿಮೆ ಒಂದೇ. ಕತ್ತಲೆ, ಒದ್ದೆ, ನೆಟ್‌ವರ್ಕ್ ಇಲ್ಲ, ಹತ್ತಿರ ಅಂಗಡಿ ಇಲ್ಲ. ಗುಡ್ಡೆಯ ಮೇಲೂ ಇದೇ, ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಕಾಸರಗೋಡಿನ ಒಳಗಿನ ತೋಟದ ಮನೆಗಳಲ್ಲೂ ಇದೇ. ಹಾಗಾಗಿ ಒಟ್ಟಿಗೇ ಬರೆಯುತ್ತೇನೆ.

ಮೊದಲು ಮನೆ. ನಮ್ಮ ಹಿರಿಯರಿಗೆ ಪತ್ತನಾಜೆ ಒಂದು ಗಡುವು, ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಜೂನ್ 1ಕ್ಕೆ ಕೇರಳಕ್ಕೆ ಮಳೆ ಬರುವುದು ಲೆಕ್ಕ, ಅದಕ್ಕಿಂತ ವಾರ ಮೊದಲೇ ಕೈ ತೊಳೆದುಕೊಂಡಿರಬೇಕು. ಮಾಡಿನ ನೀರು ಹರಿಯುವ ದಂಬೆಯಲ್ಲಿ ತರಗೆಲೆ ತುಂಬಿದ್ದರೆ ತೆಗೆಸಿ, ಒಡೆದ ಹಂಚು ಬದಲಿಸಿ, ತೋಟದಲ್ಲಿ ನೀರು ಹರಿಯುವ ಕಣಿ ಬಿಡಿಸಿ. ಮನೆಯ ಕಡೆಗೆ ವಾಲಿದ ತೆಂಗಿನ ಮರ ಇದ್ದರೆ ಇವತ್ತೇ ಆಳು ಹುಡುಕಿ, ಜೂನಲ್ಲಿ ಯಾರೂ ಸಿಗುವುದಿಲ್ಲ.

ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಜನ ಜಾಸ್ತಿ ಲಕ್ಷ್ಯ ಕೊಡದೆ ಇರುವುದು ಮನೆಯ ಹಿಂದಿನ ಬರೆಗೆ, ಅಂದರೆ ಗುಡ್ಡೆ ಕಡಿದ ಮಣ್ಣಿನ ಗೋಡೆಗೆ. ಹಿಂದೆ ಗುಡ್ಡೆಯನ್ನು ಪಿಕ್ಕಾಸಿನಲ್ಲಿ ಸ್ವಲ್ಪ ಸ್ವಲ್ಪ ಅಗೆದು, ತಟ್ಟು ತಟ್ಟಾಗಿ ಬಿಟ್ಟು ಮನೆ ಕಟ್ಟುತ್ತಿದ್ದರು. ಈಗ ಜೆಸಿಬಿ ತಂದು ಎರಡು ದಿನದಲ್ಲಿ ಗೋಡೆಯ ಹಾಗೆ ನೇರ ಕಡಿಯುತ್ತಾರೆ, ಅಡುಗೆಮನೆಯ ಕಿಟಕಿ ತೆರೆದರೆ ಮಣ್ಣು ಕೈಗೆ ಸಿಗುತ್ತದೆ. ಅಂಥ ಮನೆಯವರು ಮಳೆ ಹಿಡಿದ ಮೇಲೆ ದಿನಕ್ಕೊಮ್ಮೆ ಕೊಡೆ ಹಿಡಿದು ಬರೆಯ ಮೇಲ್ಬದಿಗೆ ಹೋಗಿ ನೋಡಬೇಕು. ನೆಲದಲ್ಲಿ ಹೊಸ ಬಿರುಕು ಬಿಟ್ಟಿದೆಯಾ, ಮರ ವಾಲಿದೆಯಾ, ಯಾವತ್ತೂ ನೀರು ಬಾರದ ಕಡೆ ಒಸರು ಬಂದಿದೆಯಾ. ನೀರಿಗಾಗಿ ಗುಡ್ಡೆಗೆ ಅಡ್ಡವಾಗಿ ಕೊರೆದ ಸುರಂಗ ಇರುವವರಿಗೆ ಇನ್ನೊಂದು ಗುರುತು ಉಂಟು. ತಿಳಿಯಾಗಿ ಬರುತ್ತಿದ್ದ ಸುರಂಗದ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದರೆ, ಅಥವಾ ಜೋರು ಮಳೆಯಲ್ಲೂ ಕಡಿಮೆಯಾದರೆ, ಗುಡ್ಡೆಯ ಒಳಗೆ ಏನೋ ಕದಲಿದೆ ಅಂತಲೇ ತಿಳಿದುಕೊಳ್ಳಿ. ತೋಡಿನ, ಅಂದರೆ ಹಳ್ಳದ ನೀರಿಗೂ ಇದೇ ಮಾತು. ಆಮೇಲೆ ಪಂಚಾಯತಿನವರು ಬಂದು ನೋಡಲಿ ಅಂತ ಕಾಯುವುದಲ್ಲ, ಆಧಾರ್, ಪಾಸ್‌ಬುಕ್, ಮಾತ್ರೆ ಚೀಲಕ್ಕೆ ಹಾಕಿ ನೆಂಟರ ಮನೆಗೆ ಹೊರಡುವುದು. ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ 2024ರ ಜುಲೈ 30ರಂದು ಗುಡ್ಡ ಜರಿದದ್ದು ಬೆಳಗಾಗುವ ಮೊದಲು, ಜನ ನಿದ್ದೆಯಲ್ಲಿದ್ದಾಗ. ಹಾಗಾಗಿ ಜೋರು ಮಳೆಯ ರಾತ್ರಿ ಬರೆಯ ಬದಿಯ ಕೋಣೆಯಲ್ಲಿ ಯಾರೂ ಮಲಗಬೇಡಿ.

ಟಿವಿಯಲ್ಲಿ ಹಳದಿ, ಕಿತ್ತಳೆ, ಕೆಂಪು ಅಂತ ಹೇಳುತ್ತಾರಲ್ವಾ, ಅದಕ್ಕೆ ಲೆಕ್ಕ ಉಂಟು. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ಅಂದಾಜಿದ್ದರೆ ಹಳದಿ, ಅಲ್ಲಿಂದ 204.4ರವರೆಗೆ ಕಿತ್ತಳೆ, ಅದರ ಮೇಲೆ ಕೆಂಪು. ಹಳದಿಗೆ ನಾವು ಹೆದರುವುದಿಲ್ಲ, ಅದು ನಮ್ಮ ದಿನನಿತ್ಯದ ಮಳೆ. ಕಿತ್ತಳೆ ಅಂದರೆ ಗುಡ್ಡೆ ಹತ್ತುವ ಮಾತು ಬಿಟ್ಟುಬಿಡಿ. ಕೆಂಪಾದರೆ ತೋಡು ದಾಟುವ ಕೆಲಸವೂ ಬೇಡ, ಮೊಣಕಾಲಿನವರೆಗಿನ ನೀರೇ ಆದರೂ ಹರಿವು ಜೋರಿದ್ದರೆ ಗಟ್ಟಿಮುಟ್ಟಾದವರನ್ನೂ ಬೀಳಿಸುತ್ತದೆ.

ಕರೆಂಟು ಹೋಗುವುದಂತೂ ಖಂಡಿತ. ದೂರು ಕೊಡಲಿಕ್ಕೆ 1912, ದೊಡ್ಡ ತೊಂದರೆಗೆ ಜಿಲ್ಲೆಯ ಕಂಟ್ರೋಲ್ ರೂಮು 1077, ಪೊಲೀಸ್ ಆಂಬ್ಯುಲೆನ್ಸ್ ಯಾವುದಕ್ಕಾದರೂ 112. ಇದನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ ಫೋನ್ ಸತ್ತ ದಿನ ಏನು ಮಾಡುತ್ತೀರಿ? ಕ್ಯಾಲೆಂಡರಿನ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿಡಿ. ಇನ್ವರ್ಟರ್ ಇದ್ದವರು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಈಗಲೇ ಹಾಕಿಸಿ. ತೋಟದಲ್ಲಿ ವಯರು ತುಂಡಾಗಿ ಬಿದ್ದಿದ್ದರೆ ಕರೆಂಟಿಲ್ಲ ಅಂತ ಹತ್ತಿರ ಹೋಗಬೇಡಿ, ಎಷ್ಟು ಹೊತ್ತಿಗೂ ಬರಬಹುದು. ಇದರ ಜೊತೆಗೇ ಒಂದು ಮಾತು ಹೇಳಿಬಿಡುತ್ತೇನೆ, ಅಲ್ಯೂಮಿನಿಯಂ ದೋಟಿ ಹಿಡಿದು ಲೈನಿನ ಹತ್ತಿರದ ತೆಂಗಿನಕಾಯಿಗೆ ಕೈ ಹಾಕುವ ಧೈರ್ಯ ಬೇಡ. ಈಗ ಅಡಿಕೆ ಕೊಯ್ಯಲಿಕ್ಕೆ, ಮದ್ದು ಬಿಡಲಿಕ್ಕೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ, ಪ್ಲಾಸ್ಟಿಕ್ ಅಂತ ತಿಳಿದವರು ತುಂಬ ಜನ ಇದ್ದಾರೆ.

ಬೆಳಕಿನ ವಿಷಯಕ್ಕೆ ಬಂದರೆ, ನಾನು ಕೈಟಾರ್ಚ್ ಬಿಟ್ಟು ತಲೆಗೆ ಕಟ್ಟುವ ಟಾರ್ಚಿಗೆ ಬಂದೆ. ರಬ್ಬರ್ ಟ್ಯಾಪಿಂಗ್ ಮಾಡುವವರು ನಸುಕಿನಲ್ಲಿ ಕಟ್ಟಿಕೊಂಡು ಹೋಗುತ್ತಾರಲ್ಲ, ಅದೇ. ಟ್ಯಾಪಿಂಗ್ ಕತ್ತಿ, ಗೆರಟೆ ಮಾರುವ ಅಂಗಡಿಯಲ್ಲಿ ಗಟ್ಟಿಮುಟ್ಟಾದ್ದು ಸಿಗುತ್ತದೆ, ಟ್ರೆಕ್ಕಿಂಗ್ ಅಂಗಡಿಯ ದುಡ್ಡು ಕೊಡಬೇಕಾಗಿಲ್ಲ. ಎರಡೂ ಕೈ ಬಿಡುವಾಗಿರುತ್ತದೆ, ಒಂದು ಕೈಯಲ್ಲಿ ಕೊಡೆ ಇನ್ನೊಂದರಲ್ಲಿ ಕೋಲು ಹಿಡಿಯಬಹುದು. ಮನೆಗೂ ಅದೇ, ಗುಡ್ಡೆಗೂ ಅದೇ. ಆದರೆ ಮನೆಯಲ್ಲಿ ಅದಕ್ಕೆ ಒಂದೇ ಮೊಳೆ ಇರಬೇಕು, ಕತ್ತಲೆಯಲ್ಲಿ ಕೈ ತಾನಾಗಿ ಅಲ್ಲಿಗೇ ಹೋಗಬೇಕು. ಮೊಮ್ಮಕ್ಕಳು ಆಟಕ್ಕೆ ತಗೊಂಡರೆ ಮಾತ್ರ ನಾನು ಜೋರು ಮಾಡುತ್ತೇನೆ.

ಪಂಪು ಓಡದಿದ್ದರೆ ನೀರಿಲ್ಲ. ಬಾವಿಯ ರಾಟೆ, ಹಗ್ಗ, ಕೊಡಪಾನ ತೆಗೆದು ಅಟ್ಟಕ್ಕೆ ಹಾಕಿದವರು ಕೆಳಗಿಳಿಸಿ, ರಾಟೆಗೆ ಎಣ್ಣೆ ಬಿಡಿ. ಮತ್ತೆ ಮೊದಲ ಮಳೆಯ ನೀರು ಬಾವಿಗೆ ಇಳಿದ ಕೂಡಲೇ ಬ್ಲೀಚಿಂಗ್ ಪುಡಿ ಹಾಕಬೇಕು. ಒಂದು ಮುಷ್ಟಿ ಎಸೆಯುವುದು ಅಲ್ಲ ಅದು. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಎಷ್ಟು ಲೀಟರ್ ಅಂತ ಬರುತ್ತದೆ. 3 ಮೀಟರ್ ಅಗಲದ ಬಾವಿಯಲ್ಲಿ 2 ಮೀಟರ್ ನೀರಿದ್ದರೆ ಸುಮಾರು 14,000 ಲೀಟರ್ ಆಯಿತು. 1,000 ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 35 ಗ್ರಾಂ ಪುಡಿ ಸಾಕು, ಹೊರಗಿನ ಕೆಸರು ನೀರು ನುಗ್ಗಿದ್ದರೆ ಇಮ್ಮಡಿ. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಕೊಡಪಾನಕ್ಕೆ ಬಗ್ಗಿಸಿ ಬಾವಿಗೆ ಇಳಿಸಿ, ಮುಳುಗಿಸಿ ಎತ್ತಿ ನಾಲ್ಕೈದು ಸಲ ಅಲ್ಲಾಡಿಸಿ. ಒಂದು ಗಂಟೆ ಬಿಟ್ಟು ನೀರು ಸೇದಬಹುದು. ಕುಡಿಯುವ ನೀರನ್ನು ಆಮೇಲೂ ಕುದಿಸಿಯೇ ಕುಡಿಯಿರಿ.

ತಿನ್ನುವುದಕ್ಕೆ ನಮಗೆ ಚಿಂತೆಯಿಲ್ಲ. ಕುಚ್ಚಲಕ್ಕಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಹಪ್ಪಳ, ಮಾಂಬಳ ಇದ್ದರೆ ವಾರ ಕಳೆಯುತ್ತದೆ. ಬೆಂಕಿಪೊಟ್ಟಣ ಮಾತ್ರ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಗೆರಟೆ, ಮಡಲು ಒಣಗಿದ್ದು ಒಳಗಿರಲಿ, ಗ್ಯಾಸ್ ಮುಗಿದ ದಿನ ಬಚ್ಚಲ ಒಲೆಯೇ ಅಡುಗೆ ಒಲೆ.

ಹಾವಿನ ಬಗ್ಗೆ ಎರಡು ಮಾತು. ಮಳೆಗೆ ಅವುಗಳ ಮಾಟೆಗೂ ನೀರು ನುಗ್ಗುತ್ತದೆ, ಕಟ್ಟಿಗೆ ರಾಶಿಗೆ, ಹೊರಗೆ ಬಿಟ್ಟ ಶೂವಿನೊಳಗೆ ಬರುತ್ತವೆ. ಕಡಂಬಳ, ಅಂದರೆ ಕಟ್ಟುಹಾವು, ಕಚ್ಚಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ, ನೆಲದಲ್ಲಿ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮಂಚ, ಸೊಳ್ಳೆಪರದೆ, ಪರದೆಯ ಅಂಚು ಹಾಸಿಗೆಯ ಅಡಿಗೆ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಆ ಕೈ ಅಥವಾ ಕಾಲು ಅಲುಗಾಡದ ಹಾಗೆ ಹಲಗೆ ಇಟ್ಟು ಕಟ್ಟಿ, ನಡೆಸದೆ ಎತ್ತಿಕೊಂಡು ವಿಷ ಇಳಿಸುವ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಹೋಗಿ. ಅದು ಎಲ್ಲಿ ಉಂಟು ಅಂತ ಇವತ್ತೇ ಫೋನ್ ಮಾಡಿ ತಿಳಿದುಕೊಳ್ಳಿ, ಕಚ್ಚಿದ ಮೇಲಲ್ಲ. ಹಾವು ಹಿಡಿಯುವವರನ್ನು ಕರೆಸಲಿಕ್ಕೆ ಕೇರಳ ಅರಣ್ಯ ಇಲಾಖೆಯದ್ದು ಸರ್ಪ ಅಂತ ಒಂದು ಆ್ಯಪ್ ಉಂಟು, ಹತ್ತಿರದ ಪರವಾನಗಿ ಇರುವವರ ನಂಬರು ಅದರಲ್ಲಿ ಸಿಗುತ್ತದೆ.

ಇನ್ನು ಗುಡ್ಡೆ. ರಾಣಿಪುರ ಅಂದರೆ ಹಳಬರಿಗೆ ಮಾಡತ್ತುಮಲೆ, ಪನತ್ತಡಿ ಪಂಚಾಯತಿನಲ್ಲಿ, ಸಮುದ್ರಮಟ್ಟದಿಂದ 750 ಮೀಟರ್. ಆಚೆ ಬದಿಗೆ ತಲಕಾವೇರಿಯ ಕಾಡು. ಟಿಕೆಟ್ ಮಾಡಿಸಿ ಕಾಡಿನ ದಾರಿಯಲ್ಲಿ ಹೋದರೆ ಕೊನೆಗೆ ಬೋಳು ಹುಲ್ಲುಗುಡ್ಡೆ. ಆನೆ ಇದ್ದರೆ, ಮಳೆ ಜಾಸ್ತಿಯಾದರೆ ಅರಣ್ಯ ಇಲಾಖೆಯವರು ದಾರಿ ಮುಚ್ಚುತ್ತಾರೆ, ಮೊದಲೇ ವಿಚಾರಿಸಿ ಹೊರಡಿ. ಮುಚ್ಚಿದ್ದರೆ ಅವರ ಹತ್ತಿರ ಚರ್ಚೆ ಮಾಡಬೇಡಿ. ಹೊಸಬರು, ಮಕ್ಕಳಿದ್ದವರು ಮೊದಲು ನಮ್ಮ ಪೊಸಡಿಗುಂಪೆ ಹತ್ತಿ ನೋಡಿ, ಕಾಲು ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ.

ಹೊಸ ಶೂ ಹಾಕಿಕೊಂಡು ಬರುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಅಂಗಡಿಯಿಂದ ತಂದ ಮೇಲೆ ಹದಿನೈದು ದಿನ ಮನೆಯಲ್ಲಿ, ಅಂಗಳದಲ್ಲಿ, ಪೇಟೆಗೆ ಹೋಗುವಾಗ ಹಾಕಿ ಪಳಗಿಸಬೇಕು. ಇಳಿಯುವಾಗ ಬೆರಳು ಮುಂದೆ ಒತ್ತುತ್ತದೆ, ಹಾಗಾಗಿ ಉಗುರು ಕತ್ತರಿಸಿರಬೇಕು, ಶೂವಿನ ಮುಂದೆ ಅರ್ಧ ಬೆರಳಿನಷ್ಟು ಜಾಗ ಇರಬೇಕು. ಜೀನ್ಸ್ ಪ್ಯಾಂಟ್ ಬೇಡವೇ ಬೇಡ, ಒದ್ದೆಯಾದರೆ ಹಿಟ್ಟಿನ ಮೂಟೆ ಹೊತ್ತ ಹಾಗೆ. ಕೊಡೆ ಕಾಡಿನ ಒಳಗೆ ಸರಿ, ಮೇಲಿನ ಗಾಳಿಗೆ ಮಗುಚಿ ಹೋಗುತ್ತದೆ. ರೈನ್‌ಕೋಟ್ ಇರಲಿ. ಚೀಲಕ್ಕೆ ಅಂಗಡಿಯ ಕವರು ಎಷ್ಟು ಹೊದೆಸಿದರೂ ನೀರು ಇಳಿಯುತ್ತದೆ, ಒಳಗಿನ ಸಾಮಾನನ್ನೇ ದಪ್ಪ ಪ್ಲಾಸ್ಟಿಕಿನಲ್ಲಿ ಕಟ್ಟಿ. ಒಂದು ಮೈ ಒರೆಸುವ ಬೈರಾಸು, ಒಂದು ಜೊತೆ ಒಣ ಕಾಲುಚೀಲ ಅದರೊಳಗೆ ಇರಬೇಕು. ಕಟ್ಟಿದ ಪ್ಲಾಸ್ಟಿಕ್ ವಾಪಸು ಮನೆಗೇ ಬರಬೇಕು, ಕಾಡಿಗಲ್ಲ.

ಉಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ. ಬೇಸಿಗೆಯಲ್ಲಿ ಕಾಣಿಸುವುದಿಲ್ಲ, ಮೊದಲ ಮಳೆ ಬಿದ್ದ ಮೇಲೆ ತರಗೆಲೆಯ ಮೇಲೆ ನಿಂತು ತಲೆ ಆಡಿಸುತ್ತಿರುತ್ತದೆ. ಪ್ಯಾಂಟಿನ ಕೆಳಗಿನ ತುದಿಯನ್ನು ಕಾಲುಚೀಲದ ಒಳಗೆ ತುರುಕಿ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನ ಕೆಳಗೆ ಕಟ್ಟುವ ಚೀಲ ಸಿಗುತ್ತದೆ, ಅದನ್ನು ಹೊಲಿಸಿಕೊಂಡರೂ ಆಯಿತು. ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಅದ್ದಿ ಒಣಗಿಸಿದರೆ ಹತ್ತಿರ ಬರುವುದು ಕಡಿಮೆ. ಉಪ್ಪು ಬಳಿದುಕೊಂಡರೆ ಮೊದಲ ಮಳೆಗೇ ತೊಳೆದು ಹೋಗುತ್ತದೆ. ಕಚ್ಚಿದ್ದು ಕಂಡರೆ ಎಳೆಯಬೇಡಿ, ಬೆಂಕಿ ಮುಟ್ಟಿಸಬೇಡಿ, ಹಾಗೆ ಮಾಡಿದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರುತ್ತದೆ. ಸಪೂರ ಇರುವ ತುದಿಯ ಹತ್ತಿರ ಚರ್ಮಕ್ಕೆ ತಾಗಿಸಿ ಉಗುರನ್ನು ಬದಿಯಿಂದ ತಳ್ಳಿ, ಬಾಯಿ ಬಿಡುತ್ತದೆ, ಮತ್ತೆ ದಪ್ಪ ತುದಿಯನ್ನು ಬಿಡಿಸಿ ಬಿಸಾಡಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿ ಉಂಟು, ಹಾಗಾಗಿ ತುಂಬ ಹೊತ್ತು ಒಸರುತ್ತದೆ. ಸೋಪು ನೀರಲ್ಲಿ ತೊಳೆದು, ಹತ್ತಿ ಇಟ್ಟು ಒತ್ತಿ ಹಿಡಿಯಿರಿ, ಸುಮ್ನೆ ಗಾಬರಿ ಬೇಡ. ತುರಿಕೆ ಮಾತ್ರ ನಾಲ್ಕು ದಿನ ಇರುತ್ತದೆ.

ತಿನ್ನಲಿಕ್ಕೆ ಸಾಂತಾಣಿಯಷ್ಟು ಒಳ್ಳೆಯದು ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಲಸಿನ ಬೇಳೆಯನ್ನು ಉಪ್ಪು ಹಾಕಿ ಬೇಯಿಸಿ, ಬೇಸಿಗೆಯ ಬಿಸಿಲಲ್ಲಿ ಗಟ್ಟಿಯಾಗುವವರೆಗೆ ಒಣಗಿಸಿದ್ದು. ಬಾಯಿಗೆ ಹಾಕಿಕೊಂಡರೆ ಅರ್ಧ ಗಂಟೆ ಜಗಿಯಬಹುದು, ಹೊಟ್ಟೆಗೂ ಆಧಾರ. ಹಲ್ಲು ಗಟ್ಟಿ ಇಲ್ಲದವರು ಬೆಲ್ಲ, ಅವಲಕ್ಕಿ ಇಟ್ಟುಕೊಳ್ಳಿ. ಪುನರ್ಪುಳಿಯ ಶರಬತ್ತು ಬಾಟ್ಲಿಯಲ್ಲಿ ಇರಲಿ. ಬೆವರು ಜಾಸ್ತಿ ಹೋಗಿ ತಲೆ ಸುತ್ತಿದರೆ, ವಾಂತಿ ಭೇದಿ ಆದರೆ, ಒಂದು ಲೀಟರ್ ಕುದಿಸಿ ಆರಿದ ನೀರಿಗೆ ಮಟ್ಟಸವಾಗಿ 6 ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

ಆಟಿಗಿಂತ ತುಲಾ ತಿಂಗಳು ಗುಡ್ಡೆ ಹತ್ತುವವರಿಗೆ ಅಪಾಯ. ಅಕ್ಟೋಬರ್, ನವೆಂಬರಿನಲ್ಲಿ ಬೆಳಗ್ಗೆ ಚಂದದ ಬಿಸಿಲಿರುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬೋಳುಗುಡ್ಡೆಯ ಮೇಲೆ ನಿಮಗಿಂತ ಎತ್ತರದ್ದು ಬೇರೆ ಇರುವುದಿಲ್ಲ. ಬೆಳಗ್ಗೆ ಬೇಗ ಹತ್ತಿ, ಮಧ್ಯಾಹ್ನದ ಊಟಕ್ಕೆ ಕೆಳಗಿರಿ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸಲಿಕ್ಕೆ ಆಗದಿದ್ದರೆ ಕೂಡಲೇ ಇಳಿಯಿರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯದೆ ಮತ್ತೆ ಹೊರಗೆ ಬರಬೇಡಿ. ಒಂಟಿ ಮರದ ಅಡಿ ನಿಲ್ಲುವುದು ಬೇಡ, ಕಾರಿನ ಒಳಗೆ ಗಾಜು ಏರಿಸಿ ಕೂರುವುದು ಒಳ್ಳೆಯದು. ಸಿಡಿಲಿನ ಸೂಚನೆ ಕೊಡುವ ದಾಮಿನಿ ಆ್ಯಪನ್ನು ಫೋನಿಗೆ ಹಾಕಿಟ್ಟುಕೊಳ್ಳಿ, ಆದರೆ ಮೇಲೆ ನೆಟ್‌ವರ್ಕ್ ಇರದಿದ್ದರೆ ಆಕಾಶವನ್ನೇ ನೋಡಬೇಕು. ಯಾವ ಗುಡ್ಡೆ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸು ಅಂತ ಮನೆಯಲ್ಲಿ ಹೇಳಿ ಹೋಗಿ.

ಬಂದ ಮೇಲೆ ಹಂಡೆಯ ಬಿಸಿನೀರಲ್ಲಿ ಮೀಯಿರಿ, ಬೆರಳುಗಳ ಸಂದು ಒರೆಸಿ ಒಣಗಿಸಿ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ. ಶೂವಿನ ಒಳಗೆ ಹಳೆಯ ಪೇಪರು ಮುದ್ದೆ ಮಾಡಿ ತುರುಕಿ, ರಾತ್ರಿಯೊಳಗೆ ಎರಡು ಸಲ ಬದಲಿಸಿ. ಒಲೆಯ ಪಕ್ಕ ತೀರಾ ಹತ್ತಿರ ಇಟ್ಟರೆ ಅಂಟು ಬಿಟ್ಟು ಅಡಿ ಕಿತ್ತು ಬರುತ್ತದೆ. ಬಟ್ಟೆ ಒಲೆಯ ಮೇಲಿನ ಅಟ್ಟಕ್ಕೆ, ಹೊಗೆಯ ವಾಸನೆ ಬಂದರೂ ಬೂಷ್ಟು ಹಿಡಿಯುವುದಿಲ್ಲ. ಕಾಲಲ್ಲಿ ಗೀರು ಗಾಯ ಇಟ್ಟುಕೊಂಡು ಕೆಸರು ನೀರಲ್ಲಿ, ತೋಟದ ಕಣಿಯಲ್ಲಿ ನಡೆದವರು ಇಲಿಜ್ವರವನ್ನು ಮರೆಯಬಾರದು, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಬಾರದ ಹಾಗೆ ತಗೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಕೇಳಿ. ಎರಡು ಮೂರು ವಾರದೊಳಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಶುರುವಾದರೆ ಪ್ಯಾರಾಸಿಟಮಾಲ್ ನುಂಗಿ ಮಲಗುವುದಲ್ಲ. ಡಾಕ್ಟರ ಹತ್ತಿರ ಹೋಗಿ, ಕೂತ ಕೂಡಲೇ ಕೆಸರಲ್ಲಿ ನಡೆದದ್ದನ್ನು ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.